ಕಂಪನಿಗೂ ಬೇಕು ಒಂದು ನಕ್ಷೆ

ಮನೆ ಕಟ್ಟುವ ಮುಂಚೆ ನಕ್ಷೆ ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಎಷ್ಟೋ ವರ್ಷಗಳಿಂದ ನಡೆಯುತ್ತಿರುವ ಕಂಪನಿಗೆ? ಯಾವ ವಿಭಾಗ ಯಾವ ಸಾಫ್ಟ್‌ವೇರ್ ಬಳಸುತ್ತದೆ, ಅದು ಯಾವ ಸರ್ವರ್ ಮೇಲೆ ಓಡುತ್ತದೆ, ಒಂದು ನಿಂತರೆ ಜೊತೆಗೆ ಇನ್ನೇನು ನಿಲ್ಲುತ್ತದೆ? ಇದೆಲ್ಲ ಒಬ್ಬಿಬ್ಬರು ಹಿರಿಯರ ತಲೆಯಲ್ಲಷ್ಟೇ ಇದ್ದರೆ, ಅವರು ನಿವೃತ್ತರಾದ ದಿನ ನಕ್ಷೆಯೂ ಅವರ ಜೊತೆಗೇ ಹೊರಟುಹೋಗುತ್ತದೆ!

ಈ ನಕ್ಷೆ ಬರೆಯುವ ಕೆಲಸಕ್ಕೆ ‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಮಾಡೆಲಿಂಗ್’ ಎಂದು ಹೆಸರು. 1987ರಲ್ಲಿ ಐಬಿಎಂನ ಜಾನ್ ಝಾಕ್‌ಮನ್ ಬರೆದ ಲೇಖನ ಇದಕ್ಕೊಂದು ಚೌಕಟ್ಟು ಕೊಟ್ಟಿತು. 1995ರಲ್ಲಿ ‘ಟೋಗಾಫ್’ ಬಂತು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ‘ಆರ್ಕಿಮೇಟ್’ ಎಂಬ ಚಿತ್ರಭಾಷೆ 2009ರಲ್ಲಿ ‘ದಿ ಓಪನ್ ಗ್ರೂಪ್’ ಸಂಸ್ಥೆಯ ಮಾನದಂಡವಾಯಿತು. ಇದನ್ನು ಕಲಿಯಲು ಕಾಸು ಖರ್ಚು ಮಾಡಬೇಕಿಲ್ಲ. ‘ಆರ್ಕಿ’ ಎಂಬ ಉಚಿತ ಸಾಫ್ಟ್‌ವೇರ್ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ.

ಇಂಟರ್ನ್‌ಶಿಪ್‌ಗೆಂದು ನಾನು ಸೇರಿದ ಕಾರ್ಖಾನೆಯಲ್ಲಿ ಹಳೆಯ ಸರ್ವರ್ ಒಂದನ್ನು ತೆಗೆಯುವುದಿತ್ತು. ಬಿಲ್ಲಿಂಗ್ ಸಾಫ್ಟ್‌ವೇರ್ ಹೊಸದಕ್ಕೆ ಹೋದರೆ ಸಾಕು ಎಂಬುದು ಐಟಿ ವಿಭಾಗದ ಲೆಕ್ಕ. ಅದನ್ನೊಮ್ಮೆ ಚಿತ್ರ ಬರೆದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಇಡೀ ಕಂಪನಿಯನ್ನು ಬರೆಯಲು ಹೊರಟರೆ ವರ್ಷ ಸಾಲದು. ಹಾಗಾಗಿ ‘ಈ ಸರ್ವರ್ ಆಫ್ ಮಾಡಿದರೆ ಏನು ನಿಲ್ಲುತ್ತದೆ?’ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡೆ. ಆರ್ಡರ್ ಬಂದಲ್ಲಿಂದ ಲಾರಿ ಹೊರಡುವವರೆಗಿನ ಕೆಲಸ ಮೇಲೆ, ಅದಕ್ಕೆ ಬಳಸುವ ಸಾಫ್ಟ್‌ವೇರ್ ನಡುವೆ, ಸರ್ವರ್ ಕೆಳಗೆ. ರೂಢಿಯಂತೆ ಹಳದಿ, ನೀಲಿ, ಹಸಿರು ಬಣ್ಣ. ನಡುವೆ ಬಾಣದ ಗೆರೆಗಳು.

ಚಿತ್ರ ಹಿಡಿದು ಸ್ಟೋರ್ಸ್‌ಗೆ ಹೋದಾಗ ಅಲ್ಲಿನ ಹಿರಿಯರೊಬ್ಬರು, “ನೋಡಮ್ಮಾ, ದಿನಾ ಬೆಳಿಗ್ಗೆ ಅದೇ ಸರ್ವರಿಂದ ನಮಗೊಂದು ಎಕ್ಸೆಲ್ ಫೈಲ್ ಬರುತ್ತೆ. ಅದಿಲ್ಲದೆ ಗೇಟ್ ಪಾಸೇ ಆಗಲ್ಲ” ಅಂದರು. ಆ ಫೈಲ್ ಯಾವ ಪಟ್ಟಿಯಲ್ಲೂ ಇರಲಿಲ್ಲ. ಎರಡು ತಿಂಗಳಲ್ಲಿ ಅವರಿಗೆ ನಿವೃತ್ತಿ. ನಕ್ಷೆಗೆ ಒಂದು ಗೆರೆ ಸೇರಿತು, ಸರ್ವರ್ ತೆಗೆಯುವ ದಿನ ಮುಂದಕ್ಕೆ ಹೋಯಿತು.

ಇದನ್ನೇ ಪವರ್‌ಪಾಯಿಂಟ್‌ನಲ್ಲಿ ಬರೆಯಬಾರದೇ ಎಂದು ಕೇಳಬಹುದು. ಅಲ್ಲಿ ಡಬ್ಬಿ ಬರೀ ಡಬ್ಬಿ. ಮಾಡೆಲ್‌ನಲ್ಲಿ ಒಂದು ಸರ್ವರ್ ಹತ್ತು ಚಿತ್ರಗಳಲ್ಲಿದ್ದರೂ ಅದು ಒಂದೇ. ಒಂದು ಕಡೆ ಹೆಸರು ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ, ಅದನ್ನು ನೆಚ್ಚಿಕೊಂಡಿರುವುದೆಲ್ಲ ಯಾವುದು ಎಂದು ಹುಡುಕಬಹುದು. ಹಾಗಂತ ಬರೆದಿಟ್ಟು ಮರೆತರೆ ಆರು ತಿಂಗಳಲ್ಲಿ ನಕ್ಷೆ ಸುಳ್ಳಾಗುತ್ತದೆ. ಅದಕ್ಕೇ ಯಾರು ತಿದ್ದಬೇಕು, ಯಾವಾಗ ತಿದ್ದಬೇಕು ಎಂಬುದು ಮೊದಲೇ ಗೊತ್ತಿರಬೇಕು.

ಬಿಇ ಮುಗಿದ ಕೂಡಲೇ ಯಾರೂ ನಮ್ಮನ್ನು ಆರ್ಕಿಟೆಕ್ಟ್ ಮಾಡುವುದಿಲ್ಲ, ನಿಜ. ಆ ಹುದ್ದೆಗೆ ವರ್ಷಗಳ ಅನುಭವ ಬೇಕು. ಆದರೆ ನಾವು ಬರೆಯುವ ಕೋಡ್ ಕಂಪನಿಯ ಯಾವ ಕೆಲಸಕ್ಕೆ ಆಧಾರ ಎಂದು ಹೇಳಬಲ್ಲ ಫ್ರೆಶರ್‌ಗೆ ಸಂದರ್ಶನದಲ್ಲಿ ಮಾತಾಡಲು ಏನಾದರೂ ಇರುತ್ತದೆ. ನಿಮ್ಮ ಕಾಲೇಜಿನಲ್ಲಿ ಪರೀಕ್ಷಾ ಶುಲ್ಕ ಕಟ್ಟಿದಲ್ಲಿಂದ ಹಾಲ್ ಟಿಕೆಟ್ ಕೈಗೆ ಸಿಗುವವರೆಗೆ ಏನೇನು ನಡೆಯುತ್ತದೆ ಎಂದು ಈ ವಾರ ಬರೆದು ನೋಡಿ. ಬರೆದದ್ದನ್ನು ಆಫೀಸಿನ ಕ್ಲರ್ಕ್‌ಗೆ ತೋರಿಸಿ. ಅವರು ಪೆನ್ನು ತೆಗೆದುಕೊಂಡು ತಿದ್ದಲು ಶುರು ಮಾಡಿದರೆ, ನಿಮ್ಮ ಮೊದಲ ಪಾಠ ಶುರುವಾಯಿತು ಎಂದೇ ಅರ್ಥ.