ಮುಳುಗಿದ ಪೈರಿಗೂ ಒಂದು ವಾರ ಕೊಡಿ

ಪೊನ್ನಂಪೇಟೆ ಕಡೆಯ ನಮಗೆ ಆಗಸ್ಟ್ ಬಂತೆಂದರೆ ಲಕ್ಷ್ಮಣತೀರ್ಥ ನದಿಯ ಮೇಲೆ ಒಂದು ಕಣ್ಣು. 2018, 2019ರ ಮಳೆಯ ನಂತರವಂತೂ ಈ ಆತಂಕ ಹೆಚ್ಚು. ನಾಟಿ ಮುಗಿದ ಗದ್ದೆಯ ಮೇಲೆ ಕೆಂಪು ನೀರು ನಿಂತರೆ ಪೈರು ಉಳಿಯುತ್ತದೋ, ಮತ್ತೆ ನಾಟಿ ಮಾಡಬೇಕೋ? ಆಳುಗಳೇ ಸಿಗದ ಈ ಕಾಲದಲ್ಲಿ ಇದೇನು ಸಣ್ಣ ಪ್ರಶ್ನೆಯಲ್ಲ. ಪದವಿಯಲ್ಲಿ ಸಸ್ಯಶಾಸ್ತ್ರ ಓದುವಾಗ ಇದಕ್ಕೆ ಉತ್ತರ ಹುಡುಕಲು ಹೊರಟೆ.

ಭತ್ತ ನೀರಲ್ಲೇ ನಿಲ್ಲುವ ಗಿಡ, ಆದರೆ ತಲೆ ಹೊರಗಿರಬೇಕು. ಎಲೆ, ಕಾಂಡದೊಳಗಿನ ಗಾಳಿ ಕೊಳವೆಗಳ ಮೂಲಕ ಆಮ್ಲಜನಕ ಕೆಸರಿನ ಬೇರಿಗೆ ಇಳಿಯುತ್ತದೆ. ಕೆರೆಯ ಜೊಂಡಿನದೂ ಇದೇ ಉಪಾಯ. ಅದರ ಒಣಗಿದ ದಂಟೂ ಗಾಳಿ ಸಾಗಿಸುತ್ತದೆ! ಅದಕ್ಕೇ ಜೊಂಡನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದರೆ ಗೆಡ್ಡೆ ಉಸಿರುಗಟ್ಟುತ್ತದೆ.

ತಲೆಯೂ ಮುಳುಗಿದರೆ? ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಕೆಸರು ನೀರಾದರೆ ಬೆಳಕೂ ಇಲ್ಲ. ಆಗ ಗಿಡ ಕೂಡಿಟ್ಟ ಪಿಷ್ಟವನ್ನೇ ಹುದುಗಿಸಿ, ಮದ್ಯಸಾರ ಉಂಟುಮಾಡುತ್ತಾ ಜೀವ ಹಿಡಿಯುತ್ತದೆ. ಆಮ್ಲಜನಕವಿದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ 30ರಷ್ಟು ಎಟಿಪಿ ಸಿಕ್ಕರೆ, ಇಲ್ಲದಾಗ ಬರೀ 2.

ಇದರಲ್ಲಿ ಗಟ್ಟಿಗನೆಂದರೆ ಅಜ್ಜಿಯ ಮದ್ದಿನ ಡಬ್ಬಿಯಲ್ಲಿರುವ ಬಜೆ. ಜೌಗಿನಲ್ಲಿ ಬೆಳೆಯುವ ಇದರ ಗೆಡ್ಡೆ ಆಮ್ಲಜನಕವೇ ಇಲ್ಲದೆ ಎರಡು ತಿಂಗಳಷ್ಟು ಬದುಕಿ ಮತ್ತೆ ಚಿಗುರಬಲ್ಲದು. ಎಳೆ ಭತ್ತಕ್ಕೆ ಅಂಥ ಉಗ್ರಾಣ ಎಲ್ಲಿಂದ ಬರಬೇಕು? ಸಾಮಾನ್ಯ ತಳಿ ಮುಳುಗಿದ ಕೂಡಲೇ ಗಾಬರಿಬಿದ್ದಂತೆ ಉದ್ದಕ್ಕೆ ಬೆಳೆಯುತ್ತದೆ. ಇದ್ದದ್ದನ್ನೆಲ್ಲ ಖರ್ಚು ಮಾಡಿಕೊಂಡು, ನೀರು ಇಳಿದಾಗ ಬಾಗಿ ಬೀಳುತ್ತದೆ. ಒಡಿಶಾದ ಹಳೆಯ ತಳಿ ಎಫ್‌ಆರ್ 13ಎ ಹಾಗಲ್ಲ, ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಹಾಗೆ ಕಾಯಿಸುವ ಸಬ್1ಎ ಜೀನ್ ಯಾವುದೆಂದು 2006ರಲ್ಲಿ ಗೊತ್ತಾಯಿತು. ಆ ಗುಣವನ್ನು ಸಂಕರಣದ ಮೂಲಕವೇ ಸೇರಿಸಿದ ಸ್ವರ್ಣ-ಸಬ್1 ತಳಿ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಎರಡು ವಾರದವರೆಗೆ ಮುಳುಗಿದ್ದರೂ ತಾಳಬಲ್ಲದು. ಬೆಳೆಯದೆ ಇರುವುದೂ ಒಂದು ಬುದ್ಧಿ ಎಂಬುದು ನನಗಂತೂ ಹೊಸದು.

ನೀರು ಇಳಿದ ಮೇಲೂ ಅಪಾಯವಿದೆ. ಒಮ್ಮೆಲೇ ಆಮ್ಲಜನಕ, ಬಿಸಿಲು ತಗುಲಿ ಎಲೆಯ ಜೀವಕೋಶಗಳು ಹಾಳಾಗುತ್ತವೆ. ಆದರೆ ಎಲೆ ಕೊಳೆತಿದ್ದರೂ ಬುಡ ಗಟ್ಟಿಯಿದ್ದು ಒಳಸುಳಿ ಹಸಿರಾಗಿದ್ದರೆ ಪೈರು ಚಿಗುರಬಹುದು. ಆದ್ದರಿಂದಲೇ ಮನೆಯಲ್ಲಿ ಹೇಳುತ್ತಿರುತ್ತೇನೆ: ಮರುದಿನವೇ ಉಳಬೇಡಿ, ಒಂದು ವಾರ ನೋಡಿ, ಹೊಸ ಎಲೆ ಬರುವ ಮೊದಲು ಯೂರಿಯಾ ಹಾಕಬೇಡಿ. ಅಪ್ಪ ತಲೆಯಾಡಿಸುತ್ತಾರೆ. ಆದರೂ ಎತ್ತರದ ಗದ್ದೆಯಲ್ಲಿ ಪ್ರತಿ ವರ್ಷ ಒಂದು ಮಡಿ ಸಸಿ ಹೆಚ್ಚಿಗೆ ಇಟ್ಟಿರುತ್ತಾರೆ.