ಕಾಂಗ್ರೆಸ್ ಕಸವೂ ತಗಚೆ ಗಿಡವೂ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯ ಸುತ್ತಣ ಮಸಾರಿ ಹೊಲಗಳಲ್ಲಿ ಜೋಳ, ಸಜ್ಜೆ, ಶೇಂಗಾ ಪೈರುಗಳಿಗೆ ಮಳೆಯೇ ಮುಖ್ಯಾಧಾರವು. ಇಂತಹ ನೆಲದಲ್ಲಿ ಕಳೆಯು ಹೀರಿದ ನೀರೆಲ್ಲವೂ ಪೈರಿಗೆ ನಷ್ಟವೇ ಸರಿ. ಕಳೆಗಳ ಪೈಕಿ ಅತ್ಯಂತ ಉಪದ್ರವಕಾರಿಯಾದುದು, ಜನರು ಕಾಂಗ್ರೆಸ್ ಕಸವೆಂದು ಕರೆಯುವ ಪಾರ್ಥೇನಿಯಂ. ಅಮೆರಿಕ ಖಂಡದ ಈ ಸಸ್ಯವು 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು, ತರುವಾಯ ದೇಶವನ್ನೆಲ್ಲ ವ್ಯಾಪಿಸಿತು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವುದು. ಇದರ ಸ್ಪರ್ಶದಿಂದ ಅನೇಕರಿಗೆ ಚರ್ಮದ ತುರಿಕೆಯೂ, ಪರಾಗದಿಂದ ಉಬ್ಬಸವೂ ಉಂಟಾಗುತ್ತವೆ. ದನಗಳು ಮೇಯ್ದರೆ ಹಾಲು ಕಹಿಯಾಗುವುದು.

ಔಷಧಿ ಗಿಡಗಳ ರಸದಿಂದ ಇದನ್ನು ನಿವಾರಿಸಬಹುದೇ ಎಂದು ರೈತರು ಕೇಳುವುದುಂಟು. ಹುಳುಕಡ್ಡಿಗೆ ಮದ್ದಾಗಿಯೂ, ಎಳೆಯ ಸೊಪ್ಪು ಪಲ್ಯಕ್ಕಾಗಿಯೂ ಬಳಕೆಯಲ್ಲಿರುವ ತಗಚೆಯನ್ನು ಎಲ್ಲರೂ ಬಲ್ಲರು. ಇದಕ್ಕೂ, ಇದರ ಬಳಗದ ಕ್ಯಾಸಿಯಾ ಯೂನಿಫ್ಲೋರಾ ಎಂಬ ಗಿಡಕ್ಕೂ ಪಾರ್ಥೇನಿಯಂ ಅನ್ನು ಹತ್ತಿಕ್ಕುವ ಗುಣವಿದೆ. ಯೂನಿಫ್ಲೋರಾ ಸೊಪ್ಪನ್ನು ನೆನೆಯಿಟ್ಟ ನೀರು ಪಾರ್ಥೇನಿಯಂ ಬೀಜದ ಮೊಳಕೆಯನ್ನು ಕುಂಠಿತಗೊಳಿಸುವುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಪಾರ್ಥೇನಿಯಂ ಸಹ ತನ್ನ ವಿಷದ್ರವ್ಯದಿಂದ ನೆರೆಯ ಪೈರನ್ನು ಕುಗ್ಗಿಸುವುದರಿಂದ, ಇದು ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ.

ಆದರೆ ಬೀಜವನ್ನು ತಡೆಯುವ ರಸವು ಬೆಳೆದು ನಿಂತ ಗಿಡವನ್ನು ಕೊಲ್ಲುವುದೆಂದು ನಂಬಿ ಕೂಡದು. ಕಳೆಯನ್ನು ಕುಗ್ಗಿಸುವ ರಸವು ಪೈರಿನ ಮೊಳಕೆಯನ್ನೂ ಕುಗ್ಗಿಸಬಹುದು. ಆದಕಾರಣ ಬಿತ್ತಿದ ಹೊಲಕ್ಕೆ ಇದನ್ನು ಸುರಿಯತಕ್ಕದ್ದಲ್ಲ. ಅಲ್ಲಿ ಎಡೆಕುಂಟೆಯೂ ಕೈಗಳೆಯೂ ಉತ್ತಮ. ರಸಕ್ಕಿಂತ ಜೀವಂತ ಗಿಡವೇ ಮೇಲು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಎಂ. ಮಹದೇವಪ್ಪನವರು ಪ್ರಚುರಪಡಿಸಿದ ಮಾರ್ಗವೂ ಇದೇ. ಪಾರ್ಥೇನಿಯಂ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನವು 1997ರಲ್ಲಿ ಧಾರವಾಡದಲ್ಲಿಯೇ ನೆರೆದಿತ್ತು.

ಅನುಸರಿಸತಕ್ಕ ಕ್ರಮ:

(1) ಮಳೆಗಾಲ ಕಳೆದ ಮೇಲೆ ಬಲಿತು ಒಣಗಿದ ತಗಚೆ ಕಾಯಿಗಳನ್ನು ಕೂಡಿಸಿ, ಬೀಜ ಬಡಿದು, ಒಣಸ್ಥಳದಲ್ಲಿಡುವುದು.

(2) ಮುಂಗಾರಿಗೆ ಮುನ್ನ ಗೋಮಾಳ, ರಸ್ತೆಯ ಬದಿ, ಹಾಳುನೆಲಗಳಲ್ಲಿ ಬೀಜವನ್ನು ಚೆಲ್ಲುವುದು. ಬೇಸಾಯದ ಹೊಲದೊಳಗೆ ಚೆಲ್ಲಬಾರದು. ಅಲ್ಲಿ ತಗಚೆಯೂ ಕಳೆಯೇ.

(3) ಹೊಲದೊಳಗಿನ ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಗೆ ಚೀಲ ಸುತ್ತಿಕೊಂಡು ಬೇರುಸಹಿತ ಕೀಳುವುದು. ಹೂ ಬಿಟ್ಟ ಗಿಡವನ್ನು ತಿಪ್ಪೆಗೆ ಹಾಕಿದರೆ ಬೀಜವು ಗೊಬ್ಬರದೊಡನೆ ಹೊಲಕ್ಕೆ ಮರಳುವುದು.

ಒಂದೇ ಮಳೆಗಾಲದಲ್ಲಿ ಪೂರ್ಣ ಫಲ ಕಾಣದು. ನೆಲದಲ್ಲಿ ಹುದುಗಿರುವ ಹಳೆಯ ಬೀಜವು ವರ್ಷ ವರ್ಷವೂ ಮೊಳೆಯುತ್ತಿರುವುದು. ಅಲ್ಲದೆ ಒಬ್ಬನು ತನ್ನ ಹೊಲವನ್ನು ಹಸನುಮಾಡಿ ನೆರೆಯವನು ಸುಮ್ಮನಿದ್ದರೆ, ಗಾಳಿಯೂ ಹರಿಯುವ ನೀರೂ ಬೀಜವನ್ನು ಮತ್ತೆ ತಂದುಹಾಕುವುವು. ಆದ್ದರಿಂದ ಊರ ಮುಖಂಡರೂ ಭೂಮಾಲೀಕರೂ ಗ್ರಾಮ ಪಂಚಾಯಿತಿಯೊಡನೆ ಕೂಡಿ, ಮುಂಗಾರಿಗೆ ಮುಂಚೆ ದಿನವೊಂದನ್ನು ಗೊತ್ತುಮಾಡಿ, ಊರೊಟ್ಟಿನಿಂದ ಈ ಕೆಲಸವನ್ನು ಕೈಕೊಳ್ಳಬೇಕೆಂದು ವಿಜ್ಞಾಪನೆ.