ಯಂತ್ರಬುದ್ಧಿಯೂ ಶಾಖದ ಲೆಕ್ಕವೂ

ಗಣಕಯಂತ್ರವು ಲೆಕ್ಕ ಮಾಡಲಿ, ಚಿತ್ರ ಬರೆಯಲಿ, ಅದು ಸೇವಿಸಿದ ವಿದ್ಯುಚ್ಛಕ್ತಿಯು ಕಟ್ಟಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆ. ಶಕ್ತಿನಿತ್ಯತ್ವದ ನಿಯಮಕ್ಕೆ ಯಂತ್ರಬುದ್ಧಿಯೂ ಅಧೀನವಾದುದೇ. ಸಹಸ್ರಾರು ಗಣಕಗಳು ಒಂದೇ ಸೂರಿನಡಿಯಲ್ಲಿ ಹಗಲಿರುಳು ದುಡಿಯುವ ದತ್ತಾಂಶ ಕೇಂದ್ರಗಳಲ್ಲಿ ಈ ಶಾಖವನ್ನು ಹೊರಹಾಕದಿದ್ದರೆ ಯಂತ್ರಗಳು ಕೆಟ್ಟುಹೋಗುತ್ತವೆ. ಆದುದರಿಂದ ಪಂಪುಗಳೂ ಶೈತ್ಯಯಂತ್ರಗಳೂ ಎಡೆಬಿಡದೆ ನಡೆಯಬೇಕು. ಅವುಗಳಿಗೂ ವಿದ್ಯುತ್ತು ಬೇಕು.

ಅನೇಕ ಕಡೆಗಳಲ್ಲಿ ನೀರನ್ನು ಆವಿಯಾಗಿಸಿ ಶಾಖವನ್ನು ನೀಗುತ್ತಾರೆ. ಒಂದು ಯೂನಿಟ್ ವಿದ್ಯುತ್ತು 3,600 ಕಿಲೋಜೌಲು ಶಾಖಕ್ಕೆ ಸಮ. ಸಾಧಾರಣ ಉಷ್ಣತೆಯಲ್ಲಿ ಒಂದು ಲೀಟರು ನೀರು ಆವಿಯಾಗಲು ಸುಮಾರು 2,400 ಕಿಲೋಜೌಲು ಬೇಕು. ಎಂದರೆ, ಒಂದು ಯೂನಿಟ್ಟಿನ ಶಾಖವನ್ನೆಲ್ಲ ಆವಿಯೇ ಒಯ್ಯಬೇಕಾದರೆ ಒಂದೂವರೆ ಲೀಟರು ನೀರು ವ್ಯಯವಾಗುತ್ತದೆ.

ಈ ವ್ಯಯವನ್ನು ತಗ್ಗಿಸಲು ಯಂತ್ರಬುದ್ಧಿಯನ್ನೇ ನಿಯೋಗಿಸಬಹುದೆ? 2016ರಲ್ಲಿ ಡೀಪ್‌ಮೈಂಡ್ ಸಂಸ್ಥೆಯವರು ಗೂಗಲ್ಲಿನ ದತ್ತಾಂಶ ಕೇಂದ್ರವೊಂದರಲ್ಲಿ ಇದನ್ನು ಪರೀಕ್ಷಿಸಿದರು. ಉಷ್ಣತೆ, ವಿದ್ಯುತ್ತಿನ ಬಳಕೆ, ಪಂಪಿನ ವೇಗ ಮೊದಲಾದವುಗಳ ಹಿಂದಿನ ದಾಖಲೆಗಳನ್ನು ಕೊಟ್ಟು ಯಂತ್ರಕ್ಕೆ ಶಿಕ್ಷಣವಿತ್ತರು. ಯಾವ ಪಂಪನ್ನು ಎಷ್ಟು ನಡೆಸಿದರೆ ಎಷ್ಟು ಶಕ್ತಿ ವ್ಯಯವಾದೀತೆಂಬುದನ್ನು ಅದು ಮುಂದಾಗಿಯೇ ಊಹಿಸತೊಡಗಿತು. ತಂಪುಮಾಡುವ ಕಾರ್ಯಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡ 40ರವರೆಗೆ ಉಳಿತಾಯವಾಯಿತು. 2018ರ ವೇಳೆಗೆ, ಸುರಕ್ಷತೆಯ ಮಿತಿಗಳಿಗೆ ಒಳಪಟ್ಟು, ಐದೈದು ನಿಮಿಷಗಳಿಗೊಮ್ಮೆ ಯಂತ್ರವೇ ನಿಯಂತ್ರಣವನ್ನು ತಿದ್ದುವ ವ್ಯವಸ್ಥೆಯೂ ಬಂದಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಕೇಳಬೇಕು: ಶೇಕಡ 40 ಯಾವುದರಲ್ಲಿ? ಕೇಂದ್ರವೊಂದು 100 ಯೂನಿಟ್ ಬಳಸುತ್ತದೆಂದೂ ಅದರಲ್ಲಿ ತಂಪಿಗಾಗಿ ಹೋಗುವುದು 10 ಎಂದೂ ಭಾವಿಸೋಣ. ಆಗ ಉಳಿಯುವುದು ನಾಲ್ಕು ಯೂನಿಟ್. ಮಿಕ್ಕ 96 ಹಾಗೆಯೇ ವ್ಯಯವಾಗುತ್ತವೆ. ಗಣಕಗಳ ಸಂಖ್ಯೆ ಇಮ್ಮಡಿಯಾದರಂತೂ ಈ ಉಳಿತಾಯ ಕೊಚ್ಚಿಹೋಗುತ್ತದೆ.

ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯ ಅಂದಾಜಿನಂತೆ, 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಸುಮಾರು 41,500 ಕೋಟಿ ಯೂನಿಟ್ ಬಳಸಿದವು. ಇದು ಜಗತ್ತಿನ ವಿದ್ಯುತ್ ಬಳಕೆಯಲ್ಲಿ ಸುಮಾರು ಶೇಕಡ ಒಂದೂವರೆ. 2030ರ ವೇಳೆಗೆ ಇದು 94,500 ಕೋಟಿಯಷ್ಟಾಗಬಹುದು. ಯಂತ್ರಬುದ್ಧಿಯ ಬಳಕೆಯೇ ಇದರ ಮುಖ್ಯ ಕಾರಣ. ಉಗಿಯಂತ್ರಗಳ ದಕ್ಷತೆ ಹೆಚ್ಚಿದಂತೆ ಕಲ್ಲಿದ್ದಲಿನ ಬಳಕೆಯೂ ಹೆಚ್ಚಿತೆಂಬುದನ್ನು ಜೆವನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು 1865ರಲ್ಲಿಯೇ ತೋರಿಸಿಕೊಟ್ಟಿದ್ದನು. ಅದೇ ಭಯ ಈಗ ಗಣಕಗಳ ವಿಷಯದಲ್ಲಿಯೂ ಉಂಟು.

ಯಂತ್ರಬುದ್ಧಿಯು ಪರಿಸರಕ್ಕೆ ಮಿತ್ರನೋ ಶತ್ರುವೋ ಎಂಬ ವಾದದಿಂದ ಪ್ರಯೋಜನವಿಲ್ಲ. ಅದು ಉಳಿಸುವ ವಿದ್ಯುತ್ತು ಮತ್ತು ನೀರನ್ನು ಒಂದು ಕಡೆಗೂ, ತಾನೇ ಬಳಸುವುದನ್ನು ಇನ್ನೊಂದು ಕಡೆಗೂ ಬರೆದು ಕೂಡಿ ಕಳೆಯಬೇಕು. ನಮಗೆ ಬೇಕಾದ ಉತ್ತರ ಆ ಶೇಷದಲ್ಲಿದೆ.